ಹೊದಿಸಿಟ್ಟ ಬೆಂಚು

ಹೊಳೆದಂಡೆಯ ಆಶ್ರಮದಲ್ಲಿ ಒಬ್ಬರು ಗುರು. ಎಲ್ಲರೂ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಅವರಿಗೊಬ್ಬನೇ ಶಿಷ್ಯ, ಕೊಟ್ರಯ್ಯ.

ಅಂಗಳದ ಬೇವಿನ ಕೆಳಗೆ ಒಂದು ಸಾಗುವಾನಿ ಬೆಂಚು. ಆಚೆ ದಂಡೆಯ ಗುರುಶಾಂತವ್ವ ತನ್ನ ಮನೆಯ ತೊಲೆ ಕೊಯ್ಸಿ ಮಾಡಿಸಿಕೊಟ್ಟದ್ದು. ಪ್ರತಿ ಶಿವರಾತ್ರಿಗೆ ಬಂದು ಅದರ ಮೇಲೆ ಕೂತು ಹೋಗುತ್ತಿದ್ದಳು. ವಯಸ್ಸು ಎಂಬತ್ತು, ಎಲುಬು ಹಪ್ಪಳ.

ಅಜ್ಜಾರು ಈಚೆಗೆ ನೆಲದ ಮೇಲೇ ಕೂರುತ್ತಿದ್ದರು. ಖಾಲಿ ಬೆಂಚು ಕಂಡರೆ ಕೊಟ್ರಯ್ಯ ಸುಮ್ಮನಿರುತ್ತಾನೆಯೇ? ಒಂದು ದಿನ ಮೇಲೆ ಹತ್ತಿ ಕೂತು, ಥೇಟ್ ಅಜ್ಜಾರ ಹಾಗೇ ಕೆಮ್ಮಿ, ಕಾಗೆಗಳಿಗೆ ಆಶೀರ್ವಾದ ಮಾಡಿದ.

ಲಟಕ್ ಎಂದಿತು. ಹಿಂದಿನ ಕಾಲು ಸೀಳಿತ್ತು.

ಕೊಟ್ರಯ್ಯ ಕೆಳಗೆ ಜಿಗಿದ. ಸೀಳನ್ನು ಒತ್ತಿ ಕೂಡಿಸಿ, ಬೆಂಚನ್ನು ಹಾಗೇ ನಿಲ್ಲಿಸಿದ.

ಅಂದು ಸಂಜೆ ಅಜ್ಜಾರೆಂದರು, "ಚಳಿ ಶುರುವಾತು. ಬೆಂಚಿಗೆ ಅಗಸಿ ಎಣ್ಣಿ ತಿಕ್ಕಿ ತಾಡಪತ್ರಿ ಹೊದಸು. ಇಬ್ಬನಿ ಕುಡದ್ರ ಕಟಗಿ ಉಳಿಯಂಗಿಲ್ಲ."

ಕೊಟ್ರಯ್ಯ ಓಡಿಹೋಗಿ ಹೊದಿಸಿದ. ಹಗ್ಗ ಸುತ್ತಿ ಏಳು ಗಂಟು ಹಾಕಿದ.

"ಮಧ್ಯಾಹ್ನ ಬಿಚ್ಚಿ ಬಿಸಿಲು ತೋರಸ್ತೀಯೇನು?"

"ಗಾಳಿ ಭಾಳ ಐತ್ರಿ, ಅಜ್ಜಾರ."

ಅಜ್ಜಾರು ಹೊದಿಕೆ ನೋಡಿದರು. ಮುಟ್ಟಲಿಲ್ಲ.

ಮಾಗಿ ಪೂರ್ತಿ ಹೀಗೇ. ಅಜ್ಜಾರು ಬೇವಿನ ಕಡೆ ಹೆಜ್ಜೆ ಹಾಕಿದರೆ ಕೊಟ್ರಯ್ಯನ ಎದೆ ನಗಾರಿ. ತಾಡಪತ್ರಿ ಪಟಪಟ ಅಂದರೂ ಊಟ ಬಿಟ್ಟು ಎದ್ದು ನೋಡುತ್ತಿದ್ದ. ಒಳಗಿನಿಂದ ಮುಗ್ಗಲು ನಾತ ಬರತೊಡಗಿತು. ಹಗ್ಗವನ್ನು ಇನ್ನೂ ಬಿಗಿದ.

ಶಿವರಾತ್ರಿ ಬಂತು. ಗುರುಶಾಂತವ್ವ ಹರಿಗೋಲು ಇಳಿದು ಕೋಲೂರಿಕೊಂಡು ಬಂದಳು.

"ಬಿಚ್ಚಪಾ ತಮ್ಮಾ. ಕಾಲು ಸೋತಾವು."

ಕೊಟ್ರಯ್ಯ ಏಳೂ ಗಂಟು ಒಂದೊಂದಾಗಿ ಬಿಚ್ಚಿ ಹೊದಿಕೆ ಸರಿಸಿದ. ಮುದುಕಿ ಕೂರಲು ಬಾಗಿದಳು. ಅಜ್ಜಾರು ಏನೋ ಹೇಳಲು ಬಾಯಿ ತೆರೆದರು. ಮುಚ್ಚಿದರು.

"ಕುಂದರಬ್ಯಾಡ್ರಿ ಯವ್ವಾ. ಕಾಲು ಮುರದೈತಿ. ಮುರದಾಂವ ನಾನು," ಎಂದ ಕೊಟ್ರಯ್ಯ.

"ಇಷ್ಟಕ್ಕ ಯಾಕ ಹಿಂಗ ಬೆವರೀದಿ?" ಎಂದು ಮುದುಕಿ ಬೇವಿನ ಬೇರಿನ ಮೇಲೆ ಕೂತು ನೀರು ಕೇಳಿದಳು.

ನೀರು ಕೊಟ್ಟು ಕೊಟ್ರಯ್ಯ ಅಜ್ಜಾರ ಪಾದ ಹಿಡಿದ. "ಚಳಿಗಾಲ ಪೂರ್ತಿ ಅಂಜಿ ಸತ್ತೀನ್ರಿ."

ಅಜ್ಜಾರು ಬಗ್ಗಿ ಸೀಳಿನೊಳಗೆ ಉಗುರು ಆಡಿಸಿದರು. ಒಣಗಿದ ಅಂಟು ಪುಡಿಯಾಗಿ ಉದುರಿತು.

"ಇದನ್ನ ಹಚ್ಚಿದಾಂವ ನಾನು. ಹ್ವಾದ ಶಿವರಾತ್ರಿ ಆದಮ್ಯಾಲ ಈ ಕಾಲು ನನ್ನ ಕೈಯಾಗ ಮುರದಿತ್ತು."

"ಮತ್ತ ಯಾರಿಗೂ ಯಾಕ ಹೇಳಲಿಲ್ರಿ?"

"ತಪ್ಪು ಹೇಳ್ಕೊಳ್ಳಾಕ ನಿನಗ ಒಬ್ಬ ಗುರು ಇದ್ದ, ಕೊಟ್ರಯ್ಯ. ನನಗ ಇವತ್ತು ಸಿಕ್ಕ."