ಶಾಂಭವ್ವನ ಅರಳಿನ ತಿಳಿ

"ಗುರುಗಳೇ, ರೋಗವನ್ನು ಕೊಲ್ಲುವ ಮದ್ದು ಇನ್ನೊಬ್ಬರ ಕೈಯಲ್ಲಿದ್ದಾಗ ನಾನು ವೈದ್ಯನೆಂದು ಏಕೆ ಕೂರಬೇಕು?" ಎಂದು ನಿರಂಜನ ಕೇಳಿದ.

ಗುರುಗಳು ಒಣಗಿದ ಬೇರುಗಳನ್ನು ಆರಿಸುತ್ತಿದ್ದರು. ಶಿಷ್ಯ ಸುಮ್ಮನಾಗಲಿಲ್ಲ. "ಬೆಳಿಗ್ಗೆ ಬಂದಿದ್ದ ಮನುಷ್ಯನಿಗೆ ಕ್ಯಾನ್ಸರ್. ಅದಕ್ಕೆ ಆಸ್ಪತ್ರೆಯವರು ಔಷಧಿ ಕೊಡುತ್ತಿದ್ದಾರೆ. ನೀವು ಅವನ ಓಕರಿಕೆಗೆ ಶುಂಠಿ ಕೊಟ್ಟು ಕಳಿಸಿದಿರಿ. ನಾನು ಇಷ್ಟು ವರ್ಷ ಓದಿದ್ದು ಶುಂಠಿ ಕೊಡುವುದಕ್ಕೇನು?"

ಗುರುಗಳು ಬೇರುಗಳನ್ನು ಬದಿಗಿಟ್ಟು ಕತೆ ಹೇಳಿದರು.

ಒಂದು ಊರಿನಲ್ಲಿ ಶಾಂಭವ್ವ ಎಂಬ ನೇಕಾರ ಹೆಂಗಸು ಇದ್ದಳು. ಗಂಡ ಮಾನಪ್ಪ ನೂಲಿಗೆ ಗಂಜಿ ಹಚ್ಚಿ ಒಣಗಿಸುತ್ತಿದ್ದ. ಅವಳು ಮಗ್ಗಕ್ಕೆ ಕೂತು ಸೀರೆ ನೇಯುತ್ತಿದ್ದಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು.

ಒಂದು ವರ್ಷ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಪಟ್ಟಣದ ಆಸ್ಪತ್ರೆಯಲ್ಲಿ ಗಂಟು ತೆಗೆದರು. ರೋಗ ಮತ್ತೆ ತಲೆ ಎತ್ತಬಾರದೆಂದು ಕಿಮೋ ಶುರುಮಾಡಿದರು. ಕೂದಲು ಉದುರಿತು. ಅದಕ್ಕೆ ಅವಳು ಅಳಲಿಲ್ಲ, ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಬಾಯಿ ತುಂಬ ಹುಣ್ಣಾಯಿತು. ಅನ್ನ ಕಂಡರೆ ಹೊಟ್ಟೆ ತೊಳಸುತ್ತಿತ್ತು. ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ "ಹೇಗಿದ್ದೀರಿ" ಎಂದು ಕೇಳಿದರೆ ಮಾತ್ರ "ಆರಾಮ ಅದೀನ್ರಿ" ಎನ್ನುತ್ತಿದ್ದಳು. ದೊಡ್ಡವರ ಮುಂದೆ ನರಳಬಾರದೆಂದು ಅವಳಿಗೆ ಯಾರು ಕಲಿಸಿದ್ದರೋ ಕಾಣೆ.

ಕಿಮೋದ ಮತ್ತೊಂದು ಸುತ್ತಿಗೆ ಹೋಗಬೇಕಾದ ದಿನ ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಏಳಲಿಲ್ಲ. "ಹಿಂಗ ಸಾಯೂದಕಿಂತ ರೋಗದಿಂದನ ಸಾಯ್ತೀನಿ. ನಾ ಬರಂಗಿಲ್ಲ," ಎಂದಳು. ಮಾನಪ್ಪ ಬೇಡಿಕೊಂಡ. ಕಡೆಗೆ ಅವಳು ಒಂದು ಮಾತಿಗೆ ಒಪ್ಪಿದಳು. ಪಕ್ಕದ ಊರಿನ ವೈದ್ಯನ ಹತ್ತಿರ ಹೋಗುವುದು.

ಆ ವೈದ್ಯನ ಮನೆತನ ಹೆಸರುವಾಸಿ. ಅಜ್ಜನ ಕಾಲದ ಒಂದು ಕಷಾಯವಿತ್ತು. ಅಮೃತಬಳ್ಳಿಯ ಜೊತೆ ಏನೇನೋ ಬೇರು ಕೂಡಿಸಿ ಮಾಡುತ್ತಿದ್ದರು. ಅದಕ್ಕಾಗಿ ಜನ ದೂರದೂರದಿಂದ ಬರುತ್ತಿದ್ದರು. ಅಂದೂ ಪಡಸಾಲೆ ತುಂಬಿತ್ತು. ಶಾಂಭವ್ವ ಎಲ್ಲರ ಮುಂದೆಯೇ ಕೈಮುಗಿದಳು.

"ಅಜ್ಜಾರ, ಆ ದವಾಖಾನಿ ಬಿಡಸ್ರಿ. ನಿಮ್ಮ ಕಷಾಯದಾಗ ನನ್ನ ಗುಣಾ ಮಾಡ್ರಿ."

ಜನ ವೈದ್ಯನನ್ನು ನೋಡಿದರು. ಆಗಲೆಂದು ತಲೆ ಆಡಿಸಿದ್ದರೆ ಸಾಕಿತ್ತು. ಅವಳು ಕಾಲಿಗೆ ಬೀಳುತ್ತಿದ್ದಳು, ಅವನ ಹೆಸರು ಇನ್ನೂ ನಾಲ್ಕು ಊರಿಗೆ ಹಬ್ಬುತ್ತಿತ್ತು.

"ಇದು ನಿನ್ನ ರೋಗಕ್ಕ ಮದ್ದಲ್ಲವ್ವಾ," ಎಂದ ವೈದ್ಯ. "ಮದ್ದು ಅಂದ್ರ ನೀ ನಂಬತಿ. ಅದಕ್ಕ ನನಗ ಅಂಜಿಕಿ."

ಶಾಂಭವ್ವನಿಗೆ ಸಿಟ್ಟು ಬಂತು. "ಮತ್ತ ಹೊರಗ ಬೋರ್ಡ್ ಯಾಕ ಹಾಕೀರಿ?" ಎಂದು ಎದ್ದಳು. ಆದರೆ ಕಾಲು ನಿಲ್ಲಲಿಲ್ಲ. ವೈದ್ಯ ಅವಳನ್ನು ಹಿಡಿದು ಕೂರಿಸಿದ. ಆಮೇಲೆ ರೋಗದ ವಿಷಯ ಬಿಟ್ಟು ಊಟದ ವಿಷಯ ಕೇಳಿದ. ಯಾವುದು ಒಳಗೆ ಹೋಗುತ್ತದೆ, ಯಾವುದು ತಿರುಗಿ ಬರುತ್ತದೆ, ಬಾಯಿ ಎಲ್ಲಿ ಉರಿಯುತ್ತದೆ ಎಂದೆಲ್ಲ ಕೇಳಿದ. ಅವಳು ಮೊದಲ ಬಾರಿಗೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು.

ವೈದ್ಯ ಅಂದು ಅವಳಿಗೆ ಏನನ್ನೂ ಕೊಡಲಿಲ್ಲ. "ಇದನ್ನೆಲ್ಲಾ ಡಾಕ್ಟರ ಮುಂದ ಹೇಳೂಣ ನಡಿ, ನಾನೂ ಬರತೀನಿ," ಎಂದಾಗ ಅವಳು ಒಪ್ಪಿದಳು. ತನ್ನಲ್ಲಿದ್ದ ಮದ್ದುಗಳನ್ನು ಕೈಚೀಲಕ್ಕೆ ತುಂಬಿಕೊಂಡು, ಗಂಡಹೆಂಡಿರನ್ನು ಕರೆದುಕೊಂಡು ತಾನೇ ಆಸ್ಪತ್ರೆಗೆ ಹೋದ.

ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಅವನ ಮಗಳಷ್ಟು. ಹೊರಗೆ ಜನ ಸಾಲುಗಟ್ಟಿ ನಿಂತಿದ್ದರು. ಚೀಲ ಕಂಡ ಕೂಡಲೇ ಡಾಕ್ಟರು ಮುಖ ಗಂಟಿಕ್ಕಿದರು. "ನಾರುಬೇರು ಏನೂ ಕೊಡಬೇಡಿ. ಏನಾದರೂ ಆದರೆ ಕೊನೆಗೆ ಇಲ್ಲಿಗೇ ತರುತ್ತೀರಿ."

"ಅದಕ್ಕ ಮೊದಲ ತಂದೀನ್ರಿ," ಎಂದ ವೈದ್ಯ. ಒಂದೊಂದಾಗಿ ಮೇಜಿನ ಮೇಲಿಟ್ಟ. "ಯಾವುದು ಬ್ಯಾಡ ಅಂತ ನೀವ ಹೇಳ್ರಿ, ಡಾಕ್ಟರ್ರ. ನಿಮ್ಮ ಔಷಧಕ್ಕೂ ನನ್ನದಕ್ಕೂ ಜಗಳ ಆದ್ರ ಈಕಿ ಮೈಯಾಗ ಆಗತೈತಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಪ್ರತಿಯೊಂದನ್ನೂ ಕೇಳಿ ತಿಳಿದುಕೊಂಡರು. ಶುಂಠಿಯನ್ನು ಸ್ವಲ್ಪವೇ ಕೊಡಬಹುದು ಎಂದರು. ಜೇಷ್ಠಮಧುವಿನ ನೀರಿನಿಂದ ಬಾಯಿ ಮುಕ್ಕಳಿಸಲಿ, ನುಂಗುವುದು ಬೇಡ ಎಂದರು. ಭತ್ತದ ಅರಳಿಗೆ ಅಡ್ಡಿಯಿಲ್ಲ ಎಂದರು. ಕಷಾಯದ ಸೀಸೆಯನ್ನು ಮಾತ್ರ ಪಕ್ಕಕ್ಕೆ ಸರಿಸಿದರು. "ಇವರ ಲಿವರ್ ಈಗಲೇ ಸಾಕಷ್ಟು ಹೊರುತ್ತಿದೆ. ಚಿಕಿತ್ಸೆ ಮುಗಿಯುವವರೆಗೆ ಇದು ಬೇಡವೇ ಬೇಡ."

ಅದು ಅಜ್ಜನ ಕಷಾಯ. ಅದನ್ನು ಬೇಡವೆಂದವರು ಅದುವರೆಗೆ ಯಾರೂ ಇರಲಿಲ್ಲ. ವೈದ್ಯ ಸೀಸೆಯ ಬಿರಡೆಯನ್ನು ಬಿಗಿಮಾಡಿದ. ಆಮೇಲೆ ಎತ್ತಿ ಚೀಲಕ್ಕೆ ಹಾಕಿಕೊಂಡ.

ಶಾಂಭವ್ವ ಉಣ್ಣದೆ ಇದ್ದ ಸಂಗತಿ ಡಾಕ್ಟರಿಗೆ ಅಂದೇ ಗೊತ್ತಾದದ್ದು. "ಇದನ್ನು ನನಗೇಕೆ ಹೇಳಲಿಲ್ಲಮ್ಮ?" ಎಂದು ಅವಳ ಕೈ ಹಿಡಿದುಕೊಂಡರು. ವಾಂತಿಯ ಮಾತ್ರೆ ಬದಲಿಸಿದರು. ಅವಳಿಗೆ ಶಕ್ತಿ ಬರಲೆಂದು ಆ ಸುತ್ತನ್ನು ಕೆಲವು ದಿನ ಮುಂದೂಡಿದರು. ಜ್ವರ ಬಂದರೆ ಯಾವ ಮದ್ದಿಗೂ ಕಾಯದೆ ನೆಟ್ಟಗೆ ಇಲ್ಲಿಗೆ ಬನ್ನಿ ಎಂದರು.

ಮನೆಗೆ ಬಂದ ಮೇಲೆ ಮಾನಪ್ಪ ಅರಳಿನ ಗಂಜಿ ಕಾಸಿದ. ತಟ್ಟೆ ಮುಂದಿಟ್ಟ ಕೂಡಲೇ ಅವಳು ಓಕರಿಸಿದಳು. ಅವನು ಓಡಿಹೋಗಿ ವೈದ್ಯನನ್ನು ಕರೆತಂದ. ವೈದ್ಯ ಗಂಜಿ ಮೂಸಿ ನೋಡಿದ, ಮನೆಯನ್ನೂ ಮೂಸಿ ನೋಡಿದ. ಮೂಲೆಯಲ್ಲಿ ನೂಲಿನ ಗಂಜಿಯ ಗಡಿಗೆ ಇತ್ತು. ಹುಳಿತ ವಾಸನೆ ಮನೆ ತುಂಬಿತ್ತು. ಜನ್ಮವಿಡೀ ಅವಳು ಉಸಿರಾಡಿದ ವಾಸನೆಯೇ ಈಗ ಅವಳಿಗೆ ಆಗುತ್ತಿರಲಿಲ್ಲ. ಬಿಸಿ ಗಂಜಿಯೂ ಅವಳ ಮೂಗಿಗೆ ಅದೇ ವಾಸನೆಯಾಗಿ ಬಡಿದಿತ್ತು.

ಮಾನಪ್ಪ ಅಂದೇ ಗಡಿಗೆಯನ್ನು ಅಣ್ಣನ ಮನೆಗೆ ಸಾಗಿಸಿದ. ವೈದ್ಯ ಅರಳನ್ನು ನೀರಿನಲ್ಲಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಆ ತಿಳಿಯನ್ನು ಪೂರ್ತಿ ಆರಿಸಿದ. ಒಂದು ಚಿಟಿಕೆ ಶುಂಠಿ, ಒಂದು ಹರಳು ಉಪ್ಪು ಹಾಕಿದ. ಚಮಚೆಯಲ್ಲಿ ಕುಡಿಸು, ಅವಸರ ಮಾಡಬೇಡ ಎಂದ. ಶಾಂಭವ್ವ ಒಂದು ಚಮಚೆ ನುಂಗಿ ಕಣ್ಣು ಮುಚ್ಚಿ ಕಾದಳು. ನಿಂತಿತು. ಇನ್ನೊಂದು ಚಮಚೆಗೆ ತಾನೇ ಬಾಯಿ ತೆರೆದಳು. ಮಾನಪ್ಪ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ.

ಎಲ್ಲ ದಿನವೂ ಹಾಗೆಯೇ ಆಯಿತೆಂದಲ್ಲ. ಕೆಲವು ದಿನ ಶುಂಠಿಯೂ ಸೋತಿತು, ಮಾತ್ರೆಯೂ ಸೋತಿತು. ಅಂಥ ದಿನ ವೈದ್ಯ ಬಂದು ಸುಮ್ಮನೆ ಕೂತು ಹೋಗುತ್ತಿದ್ದ. ಆದರೆ ಅವಳು ಮತ್ತೆ ಆಸ್ಪತ್ರೆಗೆ ಹೋದಳು, ಅದರ ಮುಂದಿನ ಸಲವೂ ಹೋದಳು. ಡಾಕ್ಟರು ಕೇಳಿದರೆ ಈಗ "ಆರಾಮಿಲ್ಲರೀ" ಎಂದು ಪಟ್ಟಿ ಒಪ್ಪಿಸುತ್ತಿದ್ದಳು. ಹಾಗೇ ಚಿಕಿತ್ಸೆ ಪೂರ್ತಿಯಾಯಿತು. ಪರೀಕ್ಷೆ ಮಾಡಿ, ಈಗ ರೋಗ ಕಾಣುತ್ತಿಲ್ಲ, ತಪ್ಪದೆ ಬಂದು ತೋರಿಸುತ್ತಿರಿ ಎಂದರು. ತಲೆಯ ಮೇಲೆ ಮೆತ್ತನೆಯ ಕೂದಲು ಹುಟ್ಟಿತು. ಒಂದು ಬೆಳಿಗ್ಗೆ ಅವಳು ಮಗ್ಗಕ್ಕೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಸಾರಿನಲ್ಲಿ ಉಪ್ಪು ಕಡಿಮೆಯೆಂದು ಗಂಡನ ಜೊತೆ ಜಗಳ ಕಾದಳು. ಮಾನಪ್ಪ ಆ ಜಗಳವನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಗುರುಗಳು ಕತೆ ನಿಲ್ಲಿಸಿದರು.

ನಿರಂಜನನಿಗೆ ಸಮಾಧಾನವಾಗಲಿಲ್ಲ. "ರೋಗ ಹೋದದ್ದು ಆಸ್ಪತ್ರೆಯ ಔಷಧಿಯಿಂದ. ತನ್ನ ದೊಡ್ಡ ಮದ್ದನ್ನು ಆ ವೈದ್ಯ ವಾಪಸು ತಂದ. ಕೊಟ್ಟದ್ದು ಅರಳಿನ ನೀರು. ಹಾಗಾದರೆ ಅವನು ಮಾಡಿದ್ದಾದರೂ ಏನು, ಗುರುಗಳೇ?"

ಗುರುಗಳು ಹೇಳಿದರು, "ಎರಡು ದಿನ ಏನೂ ಉಣ್ಣದೆ ಇದ್ದು, ಆಮೇಲೆ ಬಂದು ಇದನ್ನೇ ಕೇಳು."

ನಿರಂಜನ ಬದಿಗಿಟ್ಟಿದ್ದ ಬೇರುಗಳನ್ನು ಎಳೆದುಕೊಂಡು ಆರಿಸತೊಡಗಿದ.