ಬೊಂಬೆರಾಣಿ ಮೆಟ್ಟಿಲಿಳಿದದ್ದು

ಹ್ಞೂಂಗುಟ್ಟಬೇಕು, ಇಲ್ದಿದ್ರೆ ಕತೆ ಅಲ್ಲೇ ನಿಂತ್ಹೋಗತ್ತೆ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನಾನೂ ಹುಟ್ಟಿರಲಿಲ್ಲ, ನನ್ನ ಮಂಡಿನೋವೂ ಹುಟ್ಟಿರಲಿಲ್ಲ, ಆಗ ಕೆಂಚಯ್ಯ ಅಂತ ಒಬ್ಬ ಸೂತ್ರದ ಬೊಂಬೆ ಆಡಿಸೋನು ಇದ್ನಂತೆ. ಅವನಿಗೆ ಮೂರು ಜನ ಹೆಣ್ಣುಮಕ್ಕಳು. ಮೊದಲನೇವಳು ದೊಡ್ಡತಾಯಿ, ಎರಡನೇವಳು ಚಿಕ್ಕತಾಯಿ, ಮೂರನೇದೂ ಹೆಣ್ಣೇ ಆದಾಗ ಇನ್ನು ಸಾಕು ಅಂತ ಸಾಕಮ್ಮ ಅಂತಲೇ ಹೆಸರಿಟ್ಬಿಟ್ರಂತೆ. ಪಾಪ, ಕೂಗಿದಾಗಲೆಲ್ಲ ಓ ಅಂತಿದ್ಲು.

ಒಂದಿನ ಅರಮನೇಲಿ ಆಟ. ಬೊಂಬೆರಾಣಿ ಪುಟಾಣಿ ಮಹಡಿ ಮೇಲಿಂದ ದಾರದಲ್ಲಿ ಜೋತಾಡ್ಕೊಂಡು ಸೊಂಯ್ ಅಂತ ಕೆಳಗೆ ಬಂದ್ಲಂತೆ. ಮುಂದೆ ಕೂತಿದ್ದ ಪುಟ್ಟ ರಾಜಕುಮಾರಿ ಎದ್ದು ನಿಂತು, ನಮ್ಮಮ್ಮನೂ ರಾಣಿಯೇ, ಅವಳೇನು ಹಾರ್ತಾಳಾ, ಮೆಟ್ಟಿಲಿಳಿದು ಬರ್ತಾಳೆ, ಇದೆಲ್ಲ ಸುಳ್ಳು ಅಂದ್ಬಿಟ್ಲಂತೆ. ಕೆಂಚಯ್ಯನಿಗೆ ಜೀವ ಹೋದಂಗಾಯ್ತು. ಮನೆಗೆ ಬಂದು, ನನಗೂ ವಯಸ್ಸಾಯ್ತು ಕಣ್ರವ್ವ, ಬೊಂಬೆ ಮಹಡಿಗೆ ಯಾರು ಸರಿಯಾದ ಮೆಟ್ಟಿಲು ಮಾಡ್ತೀರೋ, ಇನ್ಮೇಲೆ ಸೂತ್ರ ಅವರ ಕೈಗೆ ಅಂದ್ನಂತೆ. ಬೊಂಬೆ ಆಡಿಸ್ಬೇಕು ಅನ್ನೋ ಹುಚ್ಚು ಸಾಕಮ್ಮನಿಗೆ. ಸಿಕ್ಕಿದ್ದು ಬೊಂಬೆ ಲಂಗ ಒಗೆಯೋ ಕೆಲಸ ಮಾತ್ರ.

ಆಮೇಲೆ ದೊಡ್ಡತಾಯಿ ಗಂಧದ ಮರದಲ್ಲಿ ಮೆಟ್ಟಿಲು ಮಾಡಿ, ಎರಡೂ ಕಡೆ ಗಿಣಿ ಕೆತ್ತಿದ್ಲಂತೆ. ರಾಣಿ ಇಳಿಯೋವಾಗ ಜರಿಲಂಗ ಗಿಣಿ ಕೊಕ್ಕಿಗೆ ಸಿಕ್ಕಾಕ್ಕೊಂಡು ತಲೆಕೆಳಗಾಗಿ ನೇತಾಡಿದ್ಲು ನೋಡು, ಅಯ್ಯೋ ರಾಣಿಗೆ ಕಾಲೇ ಇಲ್ಲ ಅಂತ ಸಭೆಯೆಲ್ಲ ನಕ್ಕಿದ್ದೇ ನಕ್ಕಿದ್ದು. ಸೂತ್ರದ ಬೊಂಬೆಗೆ ಲಂಗದೊಳಗೆ ಕಾಲೆಲ್ಲಿರತ್ತೆ ಮಗಾ.

ಆಮೇಲೆ ಚಿಕ್ಕತಾಯಿ, ಏನೂ ಸಿಕ್ಕಿಕೊಳ್ಳಬಾರದು ಅಂತ, ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಕನ್ನಡಿ ಥರ ನುಣ್ಣಗಿರೋ ಮೆಟ್ಟಿಲು ಮಾಡಿದ್ಲಂತೆ. ರಾಣಿ ಜರ್ರಂತ ಜಾರಿ ನೇರ ಮಂತ್ರಿ ಬೊಂಬೆಯ ಮಡಿಲಿಗೆ! ಇಳಿಯೋದು ಬೇರೆ, ಬೀಳೋದು ಬೇರೆ ಅಂತ ಮುಖ ತಿರುಗಿಸಿದ್ಲಂತೆ ರಾಜಕುಮಾರಿ.

ಸಾಕಮ್ಮ ಹಲಗೆ ಹಿಡ್ಕೊಂಡು ಅಟ್ಟದ ಕೆಳಗೆ ಕೂತಿದ್ಲಂತೆ. ಅಷ್ಟರಲ್ಲಿ ಹಿಂದುಗಡೆ ಅಟ್ಟದ ಏಣಿ ಕಿರ್ರಂತು, ಟಕ್ಕಂತು. ಅವ್ವಾ, ಹುಣಸೇಹಣ್ಣು ಸಿಕ್ತಾ ಅಂದ್ಲು. ಅಂದವಳೇ, ಅರೆ, ನೋಡದೇನೇ ಅವ್ವ ಇಳೀತಿದಾಳೆ ಅಂತ ಹೆಂಗೆ ಗೊತ್ತಾಯ್ತು ಅಂತ ಬೆಪ್ಪಾಗಿ ಕೂತ್ಬಿಟ್ಲಂತೆ.

ಆಮೇಲೆ ಅವಳು ಮಾಡಿದ ಮೆಟ್ಟಿಲು ನೋಡಿ ಅಕ್ಕಂದಿರು, ಏನೇ ಇದು, ಮುದುಕಿ ಹಲ್ಲಿನ ಥರ ಅಲ್ಲಾಡ್ತಿದೆ, ಮೊಳೆ ತೀರ್ಹೋಯ್ತಾ ಅಂತ ಆಡ್ಕೊಂಡ್ರಂತೆ. ಬೇಕಂತಲೇ ಸಡಿಲ ಬಿಟ್ಟಿದ್ದೀನಿ ಕಣಕ್ಕಾ ಅಂದ್ಲಂತೆ.

ಆಟ ಶುರುವಾಯ್ತು. ರಾಣಿಯ ಭಾರ ಬಿದ್ದಂಗೆ ಹಲಗೆ ಟಕ್ ಅನ್ನೋದು. ಸ್ವಲ್ಪ ತಡೆದು ಇನ್ನೊಂದು ಟಕ್, ನಡುವೆ ರಾಣಿ ಉಸಿರು ತಗೊಂಡಂಗೆ. ಕಾಲಿಲ್ಲದ ರಾಣೀನ ಕಣ್ಣಾರೆ ಕಂಡಿದ್ದ ಅದೇ ರಾಜಕುಮಾರಿ ಮುಂದಕ್ಕೆ ಬಂದು, ನಿಧಾನ ರಾಣಿಯಮ್ಮಾ, ಕಾಲು ಉಳುಕೀತು ಅಂದ್ಲಂತೆ.

ಅದನ್ನ ಕೇಳಿದ್ದೇ ತಡ, ರಾಣಿ ಇನ್ನೂ ಅರ್ಧ ಮೆಟ್ಟಿಲಲ್ಲಿರೋವಾಗ್ಲೇ, ಪರದೆ ಹಿಂದೆ ಕೆಂಚಯ್ಯ ಸೂತ್ರಾನ ಸಾಕಮ್ಮನ ಕೈಗೆ ಕೊಟ್ಬಿಟ್ನಂತೆ. ಉಳಿದ ಮೆಟ್ಟಿಲು ರಾಣೀನ ಅವಳೇ ಇಳಿಸಿದ್ಲು. ಆಮೇಲೆ ದೊಡ್ಡತಾಯಿ ಕೆತ್ತಿ, ಚಿಕ್ಕತಾಯಿ ಬಣ್ಣ ಬಳಿದು, ಸಾಕಮ್ಮ ಆಡಿಸಿ, ಮೂವರೂ ಊರೂರು ತಿರುಗಿ ಸುಖವಾಗಿದ್ರಂತೆ.

ಏನು? ಕಾಲೇ ಇಲ್ದೋಳಿಗೆ ಹೆಂಗೆ ಉಳುಕತ್ತೆ ಅಂತೀಯಾ? ಅದನ್ನ ನನ್ನ ಕೇಳ್ಬೇಡ, ಕನಸಲ್ಲಿ ರಾಜಕುಮಾರಿ ಸಿಕ್ರೆ ಅವಳನ್ನೇ ಕೇಳು. ಇಲ್ಲಿಗೆ ಕತೆ ಮಲಗ್ತು, ನೀನೂ ಮಲಕ್ಕೋ.