ಒಂದೇ ಸಾಲಿಗೆ ಮಸಿ

ಸಂಪಣ್ಣನಿಗೆ ತಾಳ್ಮೆ ಅನ್ನುವುದು ಹುಟ್ಟುವಾಗಲೇ ಕಡಿಮೆ ಬಂದಿತ್ತು. ಊಟಕ್ಕೆ ಎಲೆ ಹಾಕುವ ಮೊದಲೇ ಕೈ ತೊಳೆದು ಕೂತಿರುವ ಆಸಾಮಿ.

ಆದರೆ ನೆನಪು? ಅಬ್ಬಬ್ಬಾ! ಒಮ್ಮೆ ಓದಿದ್ದನ್ನು ಮರೆತವನೇ ಅಲ್ಲ. ತಾನು ಕಲಿಯುತ್ತಿದ್ದ ಹೊಳೆದಂಡೆಯ ಪುಟ್ಟ ಮಠದಲ್ಲಿದ್ದ ತಾಳೆಯೋಲೆಗಳನ್ನೆಲ್ಲ ಗಡಗಡ ಒಪ್ಪಿಸುತ್ತಿದ್ದ.

ಅವನ ಕೈಗೆ ಸಿಗದೆ ಉಳಿದಿದ್ದು ದನದ ವೈದ್ಯದ ಕಟ್ಟು ಒಂದೇ. ಸುತ್ತಲ ಹಟ್ಟಿಗಳಲ್ಲಿ ದನಕರುವಿಗೆ ಏನೇ ಆಗಲಿ, ಜನ ಓಡಿ ಬರುತ್ತಿದ್ದುದು ಗುರು ಮರುಳಯ್ಯನವರ ಹತ್ತಿರ. ತಾನೂ ಹಾಗೆ ಹಸುವಿನ ಬೆನ್ನ ಮೇಲೆ ಕೈಯಿಟ್ಟು "ಹೆದರಬೇಡಿ" ಅನ್ನಬೇಕು ಅಂತ ಸಂಪಣ್ಣನಿಗೆ ಎಲ್ಲಿಲ್ಲದ ಆಸೆ. ಕನಸಿನಲ್ಲೂ ದನ ಕಾಯುತ್ತಿದ್ದ ಪುಣ್ಯಾತ್ಮ.

ಒಂದು ಮುಂಜಾನೆ ಗುರುಗಳು ಆ ಕಟ್ಟು ಬಿಚ್ಚಿದರು. ಒಂದು ಓಲೆ ತೆಗೆದು ಅವನ ಕೈಗಿಟ್ಟರು.

"ಹೊಟ್ಟೆ ಉಬ್ಬರಿಸಿದ ದನದ ವಿಚಾರ. ಹೊಸ ಓಲೆಯ ಮೇಲೆ ಇದನ್ನು ಕೊರೆ. ಕೊರೆದ ಮೇಲೆ ಮಸಿ ಹಚ್ಚು. ಯಾವುದು ಮುಖ್ಯವೋ ಅದಕ್ಕೆ ಮಾತ್ರ ಹಚ್ಚು."

"ಸರಿಯಾಗಿ ಹಚ್ಚಿದರೆ ಗುರುಗಳೇ?"

"ಅವತ್ತಿನಿಂದ ನೀನೂ ದನ ಮುಟ್ಟಬಹುದು."

ಸಂಪಣ್ಣ ಕುಣಿದಾಡಿಬಿಟ್ಟ.

ತಾಳೆಯ ಓಲೆಯ ಮೇಲೆ ಉಕ್ಕಿನ ಮೊನೆಯಿಂದ ಕೊರೆದ ಅಕ್ಷರ ಸುಲಭಕ್ಕೆ ಕಾಣುವುದಿಲ್ಲ. ಬೆಳಕಿಗೆ ಓರೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಬೇಕು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಮೇಲೆ ಸವರಿ, ಬಟ್ಟೆಯಿಂದ ಒರೆಸಿದರೆ ಕೊರೆದ ಗೆರೆಯೊಳಗೆ ಕಪ್ಪು ನಿಲ್ಲುತ್ತದೆ. ಅಕ್ಷರ ಎದ್ದು ಬರುತ್ತದೆ.

ಸಂಪಣ್ಣ ಕೂತ. ಕೊರೆದ. ಮಸಿ ಹಚ್ಚಿ ಒರೆಸಿ, ಓಡೋಡಿ ಬಂದು ಗುರುಗಳ ಮುಂದೆ ಹಿಡಿದ.

ಓಲೆಯ ತುಂಬ ಕಪ್ಪು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದನ್ನೂ ಬಿಟ್ಟಿರಲಿಲ್ಲ.

"ಇದೇನಪ್ಪಾ?"

"ಎಲ್ಲವೂ ಮುಖ್ಯ ಗುರುಗಳೇ! ಒಂದಕ್ಷರವೂ ದಂಡಕ್ಕಿಲ್ಲ. ಯಾವುದನ್ನು ಬಿಡಲಿ ಹೇಳಿ?"

ಮರುಳಯ್ಯನವರು ಮಸಿಯ ಬಟ್ಟಲಿಗೆ ಅಂಗೈ ಅದ್ದಿದರು. ಸಂಪಣ್ಣನ ಹಣೆ, ಕೆನ್ನೆ, ಮೂಗು, ಗಲ್ಲ ಎಲ್ಲಕ್ಕೂ ಬಳಿದುಬಿಟ್ಟರು.

"ಅಯ್ಯಯ್ಯೋ! ಏನು ಗುರುಗಳೇ ಇದು?"

"ಕಣ್ಣಿಗೆ ಕಾಡಿಗೆ ಹಚ್ಚಿದೆ ಮಗಾ. ಚೆನ್ನಾಗಿ ಕಾಣುತ್ತಾ ನೋಡಿಕೋ ಹೋಗು."

ಸಂಪಣ್ಣ ಹೊಳೆಗೆ ಹೋಗಿ ಬಗ್ಗಿ ನೋಡಿದ. ನೀರೊಳಗಿಂದ ಒಂದು ಕಪ್ಪು ಮಡಕೆ ಅವನನ್ನು ದುರುದುರು ನೋಡುತ್ತಿತ್ತು. ನಾಚಿಕೆಯಾಯಿತು. ನಗುವೂ ಬಂತು. ಮರಳು ಹಾಕಿ ಉಜ್ಜಿ ಉಜ್ಜಿ ಮುಖ ತೊಳೆದ.

ಮತ್ತೆ ಹೊಸ ಓಲೆ. ಮತ್ತೆ ಕೊರೆದ. ಈ ಸಲ ಹುಷಾರಾಗಿದ್ದ. ಓಲೆಯನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ತಿರುಗಿಸಿದ. ಮುಖ್ಯ ಅಂದರೆ ಯಾವುದು? ಯಾವುದು ಕಷ್ಟವೋ ಅದೇ ಇರಬೇಕು!

ಒಂದು ಕಡೆಗೆ ಮಾತ್ರ ಮಸಿ ಹಚ್ಚಿ, ಎದೆ ಉಬ್ಬಿಸಿಕೊಂಡು ಬಂದ.

"ಓದು," ಅಂದರು ಗುರುಗಳು.

"'ಬಿಸಿಲೇರದ ಮುನ್ನ ಆಯ್ದ ಹಿಪ್ಪೆಯ ಬೀಜದಿಂದ ತೆಗೆದ ಎಣ್ಣೆಯನ್ನು, ಮೂಡಣ ಮೆಳೆಯ ಬಿದಿರಿನ ಗೊಟ್ಟದಲ್ಲಿ ತುಂಬಿ, ತಲೆಯೆತ್ತಿ ಹಿಡಿದು ಮೆಲ್ಲಮೆಲ್ಲನೆ ಕುಡಿಸುವುದು.' ಹೇಗಿದೆ ಗುರುಗಳೇ!"

"ಬಹಳ ಸೊಗಸಾಗಿದೆ. ಮಿಕ್ಕದ್ದು?"

"ಮಿಕ್ಕದ್ದು ಸಣ್ಣಪುಟ್ಟದ್ದು. ಎಳೆ ಹುಲ್ಲನ್ನು ಇಬ್ಬನಿಯೊಡನೆ ಮೇದರೆ ಎಡ ಮಗ್ಗುಲು ತಮಟೆಯ ಹಾಗೆ ಬಿಗಿಯುತ್ತದೆ. ಮಲಗಗೊಡಬಾರದು. ಒಳಗೆ ಸಿಕ್ಕಿದ ಗಾಳಿ ಹೊರಗೆ ಬರಬೇಕು. ಮುಂಗಾಲು ಮೇಲಿರುವಂತೆ ದಿಬ್ಬ ಹತ್ತಿಸಬೇಕು. ಬೇವಿನ ಕೋಲನ್ನು ಬಾಯಿಗೆ ಅಡ್ಡ ಕಟ್ಟಿ ಜಗಿಸಬೇಕು. ಮಗ್ಗುಲು ನೀವಬೇಕು. ಇಷ್ಟೇ."

ಇಷ್ಟನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿ, ಶಹಭಾಸ್ ಅನ್ನಿಸಿಕೊಳ್ಳಲು ಕಾದು ನಿಂತ.

ಗುರುಗಳು ಎದ್ದು ಜಗಲಿಯ ಕಂಬವೊಂದನ್ನು ಬೆರಳಿನಿಂದ ಕುಟ್ಟಿದರು.

"ಇದು ಏನು ಸಂಪಣ್ಣ?"

"ಕಂಬ."

"ಅದು?"

"ಅದೂ ಕಂಬವೇ."

"ಚೆಂದದ ಕೆತ್ತನೆ ಇರುವುದು ಯಾವುದಕ್ಕೆ?"

"ಇದಕ್ಕೆ, ಗುರುಗಳೇ."

"ಹಾಗಾದರೆ ಇದೊಂದನ್ನು ಇಟ್ಟುಕೊಂಡು ಮಿಕ್ಕದ್ದನ್ನೆಲ್ಲ ಕಿತ್ತು ಹಾಕೋಣವೇ? ಮಳೆ ಬಂದರೆ ನಾನೂ ನೀನೂ ಈ ಕಂಬವನ್ನು ತಬ್ಬಿಕೊಂಡು ನಿಲ್ಲೋಣ."

ಸಂಪಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ. ಕೋಪ ಮೂಗಿನ ತುದಿಗೆ ಬಂತು.

"ಬಿಡಿಸಿ ಹೇಳಬಾರದೇ ಗುರುಗಳೇ?"

ಗುರುಗಳು ಊರುಗೋಲು ತೆಗೆದುಕೊಂಡರು. ಪಕ್ಕದ ಹಳ್ಳಿಯಲ್ಲಿ ಯಾರದೋ ಎತ್ತಿನ ಕಾಲು ಊದಿತ್ತು, ಹೋಗಬೇಕಿತ್ತು. ಬಾಗಿಲಲ್ಲಿ ಒಂದು ಗಳಿಗೆ ನಿಂತರು.

"ಕಂಬಗಳೆಲ್ಲ ಸೇರಿ ಏನನ್ನು ಹೊತ್ತಿವೆ ಅಂತ ಒಂದು ಸಲ ತಲೆಯೆತ್ತಿ ನೋಡಪ್ಪಾ."

ಅಷ್ಟು ಹೇಳಿ ಹೊರಟೇ ಹೋದರು.

ಸಂಪಣ್ಣ ತಲೆಯೆತ್ತಿ ನೋಡಿದ. ಹೆಂಚು ಕಂಡಿತು. ಒಂದು ಹಲ್ಲಿ ಕಂಡಿತು. ಮತ್ತೇನೂ ಕಾಣಲಿಲ್ಲ. ಗೊಣಗುತ್ತಾ ಮತ್ತೊಂದು ಓಲೆ ಎತ್ತಿಕೊಂಡ.

ಅಷ್ಟರಲ್ಲಿ ದಾರಿಯ ಕಡೆಯಿಂದ ಒಂದು ಕೂಗು.

"ಬುದ್ಧೀ! ಬುದ್ಧೀ! ಎಲ್ಲಿದೀರಿ ಬುದ್ಧೀ? ಕೈ ಬಿಡಬೇಡಿ!"

ಹಟ್ಟಿಯ ದ್ಯಾವಮ್ಮ. ಸೆರಗು ಬಾಯಿಗೆ ಕಚ್ಚಿಕೊಂಡು ತನ್ನ ಕೆಂದಿ ಹಸುವನ್ನು ಎಳೆದುಕೊಂಡು ಬರುತ್ತಿದ್ದಳು. ಹಸು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಅದರ ಎಡ ಮಗ್ಗುಲು ಬೆನ್ನಿಗಿಂತ ಎತ್ತರಕ್ಕೆ ಉಬ್ಬಿತ್ತು.

"ಗುರುಗಳು ಇಲ್ಲವಲ್ಲ ತಾಯೀ!"

"ಅಯ್ಯೋ, ಕೆಟ್ಟೆ! ಹೊಲದ ಎಳೆ ಹುಲ್ಲಿಗೆ ನುಗ್ಗಿಬಿಡ್ತು ಸ್ವಾಮಿ, ನಾನು ನೋಡಲಿಲ್ಲ. ಮನೇಲಿ ತಾಯಿಲ್ಲದ ಮೊಮ್ಮಗಳು ಐತೆ. ಆ ಕೂಸಿಗೆ ಇದರ ಹಾಲೇ ಗತಿ. ನೀವೇ ಏನಾದ್ರೂ ಮಾಡಿ!"

ಸಂಪಣ್ಣ ಹಸುವಿನ ಹತ್ತಿರ ಓಡಿದ. ದನ ಮುಟ್ಟಲು ಅವನಿಗೆ ಅಪ್ಪಣೆ ಇರಲಿಲ್ಲ. ಆದರೆ ಅಪ್ಪಣೆ ಕೇಳಲು ಗುರುಗಳೂ ಇರಲಿಲ್ಲ. ಹಸುವಿನ ಮಗ್ಗುಲ ಮೇಲೆ ಬೆರಳು ಬಡಿದ. ತಮಟೆ! ಥೇಟು ತಮಟೆ!

"ಗೊತ್ತು! ಇದು ನನಗೆ ಗೊತ್ತು ತಾಯೀ! ಹೆದರಬೇಡಿ!"

ಕೊನೆಗೂ ಆ ಮಾತು ಅಂದೇಬಿಟ್ಟ. ಒಳಗೆ ಓಡಿ ಓಲೆ ತಂದ. ಎದ್ದು ಕಾಣುತ್ತಿದ್ದುದನ್ನು ಓದಿದ.

"ಹಿಪ್ಪೆ ಎಣ್ಣೆ! ಹಿಪ್ಪೆ ಎಣ್ಣೆ ಬೇಕು!"

ಅಡುಗೆಮನೆಗೆ ನುಗ್ಗಿದ. ಗಡಿಗೆಗಳನ್ನು ತಡಕಿದ. ಎಳ್ಳೆಣ್ಣೆ ಇತ್ತು. ಹರಳೆಣ್ಣೆ ಇತ್ತು. ಹಿಪ್ಪೆ ಎಣ್ಣೆ ಮಾತ್ರ ಒಂದು ತೊಟ್ಟೂ ಇಲ್ಲ. ಹಿಪ್ಪೆಯ ಮರಗಳಿರುವುದು ಗುಡ್ಡದ ಆಚೆ. ಹೋಗಿ ಬರುವುದರೊಳಗೆ ಸಂಜೆಯೇ ಆಗುತ್ತದೆ.

ಬರಿಗೈಯಲ್ಲಿ ಹೊರಗೆ ಬಂದ. ಎಣ್ಣೆ ಕುಡಿಸುವ ಗೊಟ್ಟಕ್ಕೆ ಬಿದಿರು? ಅದೂ ಇಲ್ಲ. ಮೂಡಣ ದಿಕ್ಕಿನ ಮೆಳೆ ಹಾಳಾಗಲಿ, ಪಡುವಣ ದಿಕ್ಕಿನದೂ ಇಲ್ಲ.

"ಎಳ್ಳೆಣ್ಣೆ ಆಗಾಕಿಲ್ವಾ ಸ್ವಾಮಿ?"

"ಓಲೆಯಲ್ಲಿ ಹಿಪ್ಪೆ ಎಣ್ಣೆ ಅಂತಿದೆ ತಾಯೀ!"

ಹಸು ಮುಂಗಾಲು ಮಡಿಸಿತು. ದ್ಯಾವಮ್ಮ ಕೂಗಿಕೊಂಡಳು.

"ಮಲಗ್ತಾ ಐತೆ! ಸ್ವಾಮೀ, ಮಲಗ್ತಾ ಐತೆ!"

ಸಂಪಣ್ಣ ಹೋಗಿ ಕೊರಳಿಗೆ ಭುಜ ಕೊಟ್ಟು ತಳ್ಳಿದ. ಮಲಗಗೊಡಬಾರದು. ಯಾಕೆ ಮಲಗಗೊಡಬಾರದು? ಮಲಗಿದರೆ ಹೊಟ್ಟೆ ಒತ್ತುತ್ತದೆ. ಒತ್ತಿದರೆ ಒಳಗಿದ್ದುದಕ್ಕೆ ದಾರಿ ಇಲ್ಲ. ದಿಬ್ಬ ಹತ್ತಿಸುವುದು ಯಾಕೆ? ಮುಂಭಾಗ ಮೇಲೆ ಬರಲಿ ಅಂತ. ಮೇಲೆ ಬಂದರೆ? ಬಾಯಿಗೆ ಕೋಲು ಯಾಕೆ? ಜಗಿಯಲಿ ಅಂತ. ಜಗಿದರೆ? ನೀವುವುದು ಯಾಕೆ? ಎಣ್ಣೆ, ಆ ಎಣ್ಣೆಯಾದರೂ ಯಾಕೆ?

ಮೈ ಜುಮ್ಮೆಂದಿತು.

ಎಲ್ಲವೂ ಒಂದಕ್ಕೇ! ಅಷ್ಟೂ ಒಂದಕ್ಕೇ!

"ಗಾಳಿ!" ಅಂತ ಕಿರುಚಿದ. "ತಾಯೀ, ಗಾಳಿ! ಒಳಗಿನ ಗಾಳಿ ಹೊರಗೆ ಬರಬೇಕು, ಅಷ್ಟೇ! ಎಣ್ಣೆ ಯಾವುದಾದರೇನು!"

ಓಲೆ ಕೈಯಿಂದ ಎಲ್ಲಿ ಬಿತ್ತೋ, ಅವನು ತಿರುಗಿಯೂ ನೋಡಲಿಲ್ಲ.

"ಬಾಲ ಹಿಡಿದು ಎಬ್ಬಿಸಿ! ಹೊಳೆಯ ದಿಬ್ಬಕ್ಕೆ ಹತ್ತಿಸೋಣ! ಹೈ ಕೆಂದೀ, ಏಳವ್ವಾ, ಏಳು ನಮ್ಮವ್ವಾ!"

ಅವನು ಮುಂದಿನಿಂದ ಎಳೆದ. ದ್ಯಾವಮ್ಮ ಹಿಂದಿನಿಂದ ನೂಕಿದಳು. ಹಸು ಏದುಸಿರು ಬಿಡುತ್ತಾ ಎದ್ದು ದಿಬ್ಬಕ್ಕೆ ಮುಂಗಾಲು ಹಾಕಿ ನಿಂತಿತು.

ಬೇವಿನ ಮರ ಹತ್ತಿರದಲ್ಲಿ ಇರಲಿಲ್ಲ. ಇಲ್ಲದಿದ್ದರೆ ಹೋಗಲಿ! ಅಡುಗೆಮನೆಯಿಂದ ಮರದ ಸೌಟು ತಂದ. ಅದರ ಹಿಡಿಯನ್ನು ಬಾಯಿಗೆ ಅಡ್ಡ ಇಟ್ಟು, ಹೆಗಲ ಮೇಲಿನ ವಸ್ತ್ರ ಹರಿದು ಕೊಂಬಿಗೆ ಕಟ್ಟಿದ. ಹಸು ನಾಲಿಗೆ ಹೊರಳಿಸಿ ಹೊರಳಿಸಿ ಜಗಿಯತೊಡಗಿತು. ನೊರೆ ಸುರಿಯಿತು.

ಗೊಟ್ಟದ ಬದಲಿಗೆ ಗುರುಗಳ ಪೂಜೆಯ ಗಿಂಡಿ! ಅದರ ತುಂಬ ಎಳ್ಳೆಣ್ಣೆ ಹುಯ್ದುಕೊಂಡ. ತಲೆಯೆತ್ತಿ ಹಿಡಿದು, ಬಾಯಿಯ ಮಗ್ಗುಲಿನಿಂದ ಮೆಲ್ಲಗೆ, ಬಹಳ ಮೆಲ್ಲಗೆ ಬಿಟ್ಟ. ಹುಟ್ಟಿದಾಗಿನಿಂದ ಅವನು ಯಾವ ಕೆಲಸವನ್ನೂ ಇಷ್ಟು ನಿಧಾನವಾಗಿ ಮಾಡಿರಲಿಲ್ಲ.

"ನೀವಿ ತಾಯೀ! ಎಡಗಡೆ! ಒತ್ತಿ ನೀವಿ!"

ಇಬ್ಬರೂ ನೀವಿದರು. ಬೆವರು ಕಣ್ಣಿಗಿಳಿಯಿತು. ಹಸು ಜಗಿಯಿತು, ನಡುಗಿತು, ಜಗಿಯಿತು. ಏನೂ ಆಗಲಿಲ್ಲ.

"ನಮ್ಮಪ್ಪಾ, ಶಿವನೇ," ಅಂದಳು ದ್ಯಾವಮ್ಮ.

"ಬಿಡಬೇಡಿ! ನೀವಿ!"

ಆಮೇಲೆ ಬಂತು ನೋಡಿ ಒಂದು ತೇಗು!

ಎಂಥಾ ತೇಗು ಅಂತೀರಿ! ದಂಡೆಯ ಕೊಕ್ಕರೆಗಳು ಬೆಚ್ಚಿಬಿದ್ದು ಹಾರಿಹೋದವು. ಹುಳಿ ಹುಲ್ಲಿನ ನಾತ ಸಂಪಣ್ಣನ ಮುಖಕ್ಕೇ ಹೊಡೆಯಿತು. ಆ ನಾತ ಅವನಿಗೆ ಸಂಪಿಗೆ ಹೂವಿಗಿಂತ ಹಿತವಾಗಿತ್ತು. ಹಿಂದೆಯೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಉಬ್ಬಿದ ಮಗ್ಗುಲು ಕೈಯಡಿಯಲ್ಲೇ ಇಳಿಯತೊಡಗಿತು.

"ಬಂತು! ಬಂತು ತಾಯೀ, ಬಂತು!"

ದ್ಯಾವಮ್ಮ ಹಸುವಿನ ಕೊರಳಿಗೆ ಜೋತುಬಿದ್ದು ಅತ್ತಳು. ಸಂಪಣ್ಣನೂ ಅತ್ತ. ಅಳುತ್ತಾ ನಕ್ಕ. ನಗುತ್ತಾ ಅವನೂ ಒಮ್ಮೆ ತೇಗಿದ. ಅದನ್ನು ಕೇಳಿ ದ್ಯಾವಮ್ಮ ಕಣ್ಣೊರೆಸಿಕೊಳ್ಳುತ್ತಲೇ ಬಿದ್ದು ಬಿದ್ದು ನಕ್ಕಳು.

ಸ್ವಲ್ಪ ಹೊತ್ತಿಗೆ ಕೆಂದಿ ಬಾಲ ಬೀಸಿ ನೊಣ ಓಡಿಸಿತು. ಹೊಳೆಯ ಕಡೆ ಮುಖ ಮಾಡಿ, ಮನೆಗೆ ಹೋಗೋಣವೇ ಅನ್ನುವಂತೆ ಅಂಬಾ ಅಂದಿತು. ದ್ಯಾವಮ್ಮ ಹಗ್ಗ ಹಿಡಿದುಕೊಂಡು ಅದರ ಹಿಂದೆ ಹೊರಟಳು.

ಸಂಪಣ್ಣನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗುರುಗಳು ಬರುವ ದಾರಿಯಲ್ಲಿ ಎದುರಿಗೇ ಓಡಿದ.

ಮರುಳಯ್ಯನವರು ಬರುತ್ತಿದ್ದರು. ಯಾವತ್ತೂ ನಿಧಾನಕ್ಕೆ ನಡೆಯುವವರು ಇವತ್ತು ಊರುಗೋಲು ನೆಲಕ್ಕೆ ತಾಗಿಸದೆ ದಾಪುಗಾಲು ಹಾಕುತ್ತಿದ್ದರು. ಮೇಲುಸಿರು ಬಿಡುತ್ತಿದ್ದರು. ದ್ಯಾವಮ್ಮ ಹಸುವನ್ನು ಮಠಕ್ಕೆ ಎಳೆದೊಯ್ದಳು ಅಂತ ದಾರಿಯಲ್ಲಿ ಯಾರೋ ಹೇಳಿದ್ದರು.

"ಸಂಪಣ್ಣಾ, ಏನಾಯಿತೋ?"

"ಗುರುಗಳೇ! ಗುರುಗಳೇ! ನನಗೆ ಗೊತ್ತಾಯಿತು! ಎಲ್ಲಕ್ಕೂ ಹಚ್ಚಬಾರದು, ಎಣ್ಣೆಗೂ ಹಚ್ಚಬಾರದು! ಮಸಿ ಹಚ್ಚಬೇಕಾದ್ದು ಒಂದೇ ಸಾಲಿಗೆ! ಒಳಗೆ ಸಿಕ್ಕಿದ ಗಾಳಿ ಹೊರಗೆ ಬರಬೇಕು, ಅದೇ ಸೂರು! ಕೋಲು, ಎಣ್ಣೆ, ದಿಬ್ಬ ಎಲ್ಲ ಕಂಬ! ಕಂಬ ಇಲ್ಲದಿದ್ದರೆ ಸೂರು ನಿಲ್ಲುವುದಿಲ್ಲ, ಸರಿ. ಸೂರು ಯಾವುದು ಅಂತ ಗೊತ್ತಿದ್ದರೆ ಒಂದು ಕಂಬದ ಬದಲಿಗೆ ಇನ್ನೊಂದು ನಿಲ್ಲಿಸಬಹುದು! ಹೌದು ತಾನೇ ಗುರುಗಳೇ?"

"ಹೌದಪ್ಪಾ, ಹೌದು. ಈಗ..."

"ಮೊದಲು ದ್ಯಾವಮ್ಮ ಕೂಗಿದ್ದು ಕೇಳಿಸಿತು. ಸೆರಗು ಬಾಯಲ್ಲಿ ಕಚ್ಚಿಕೊಂಡಿದ್ದಳು ಪಾಪ. ನಾನು ಮಗ್ಗುಲು ಬಡಿದೆ. ತಮಟೆ ಗುರುಗಳೇ, ತಮಟೆ! ಹಿಪ್ಪೆ ಎಣ್ಣೆ ಇರಲಿಲ್ಲ. ಮೂರು ಗಡಿಗೆ ತಡಕಿದೆ. ಬಿದಿರೂ ಇರಲಿಲ್ಲ. ಸೌಟು ತಂದೆ, ಸಾರಿನದಲ್ಲ, ಪಾಯಸದ್ದು, ಅದರ ಹಿಡಿ ಉದ್ದ ಇದೆಯಲ್ಲ..."

"ಸಂಪಣ್ಣಾ..."

"...ನಿಮ್ಮ ಗಿಂಡಿ ತೆಗೆದುಕೊಂಡೆ, ತಪ್ಪಾಯಿತು, ತೊಳೆದಿಡುತ್ತೇನೆ. ವಸ್ತ್ರ ಹರಿದೆ, ಹೊಸದಾಗಿತ್ತು ಅದು. ದ್ಯಾವಮ್ಮ ಹಿಂದಿನಿಂದ ನೂಕಿದಳು ನೋಡಿ, ಅವಳ ಬಲಕ್ಕೆ ನಾನೇ ಮುಗ್ಗರಿಸಿದೆ! ಕೊಕ್ಕರೆಗಳಂತೂ ಒಂದೇ ಸಲಕ್ಕೆ..."

ಗುರುಗಳು ಊರುಗೋಲು ಕೆಳಗೆ ಹಾಕಿ, ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು.

"ಲೋ ಮಾರಾಯಾ, ಹಸು ಉಳಿಯಿತೋ ಇಲ್ಲವೋ?"